ಪ್ರಾಣಿ ಶೆಲ್ಟರ್‌ಗೆ ಹೊಸ ಜಾಗ: ಯಾವ ದಾರಿ, ಯಾರ ದುಡ್ಡು?

ಶೆಲ್ಟರ್ ಹಳೆಯದಾಗಿದೆ. ಗೋಡೆ ಒಸರುತ್ತದೆ, ಒಂದೇ ನಾಯಿಗೆ ಮಾಡಿದ ಗೂಡಿನಲ್ಲಿ ಮೂರು ನಾಯಿಗಳಿವೆ, ಬೆಕ್ಕುಗಳನ್ನು ಸ್ಟೋರ್ ರೂಮಿಗೆ ತಳ್ಳಿದ್ದಾರೆ. ಸಭೆ ಸೇರುತ್ತದೆ. ಮೊದಲ ಹತ್ತು ನಿಮಿಷದಲ್ಲೇ ಯಾರಾದರೂ ಕೇಳುತ್ತಾರೆ: "ಹೊಸದರಲ್ಲಿ ಎಷ್ಟು ಗೂಡು ಹಾಕಿಸೋಣ?" ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಅಲ್ಲಿಂದ ಶುರು ಮಾಡಿದರೆ ಕಟ್ಟಡ ಬೇಕಾದದ್ದಕ್ಕಿಂತ ದೊಡ್ಡದಾಗುತ್ತದೆ. ಕೆಲವೇ ವರ್ಷದಲ್ಲಿ ಅದನ್ನು ನಡೆಸಲು ದುಡ್ಡು ಸಾಲುವುದಿಲ್ಲ.

ಶೆಲ್ಟರ್ ನಡೆಸುವವರು, ಸಮಿತಿಯಲ್ಲಿ ಕೂತವರು, ದೇಣಿಗೆ ಕೊಡೋಣ ಅಂತ ಯೋಚಿಸುತ್ತಿರುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ನಾಲ್ಕು ದಾರಿಗಳಿವೆ. ಇರುವ ಜಾಗದಲ್ಲೇ ರಿಪೇರಿ. ಊರೊಳಗಿನ ಹಳೇ ಕಟ್ಟಡ ಹಿಡಿದು ಮಾರ್ಪಾಡು. ಊರಾಚೆ ಹೊಸದಾಗಿ ಕಟ್ಟುವುದು. ಇಲ್ಲವೇ ಚಿಕ್ಕ ಕೇಂದ್ರ ಇಟ್ಟುಕೊಂಡು ಉಳಿದ ಪ್ರಾಣಿಗಳನ್ನು ಸ್ವಯಂಸೇವಕರ ಮನೆಗಳಿಗೆ ಹಂಚುವುದು. ಇವುಗಳಲ್ಲಿ ಒಂದನ್ನು ಆರಿಸುವ ಮೊದಲು ಒಂದು ಲೆಕ್ಕ ಮಾಡಲೇಬೇಕು.

ಗೂಡು ಎಣಿಸಬೇಡಿ, ದಿನ ಎಣಿಸಿ

ದಿನಕ್ಕೆ ಸರಾಸರಿ ಎಷ್ಟು ಪ್ರಾಣಿ ಒಳಗೆ ಬರುತ್ತವೆ? ಒಂದೊಂದೂ ಸರಾಸರಿ ಎಷ್ಟು ದಿನ ಉಳಿಯುತ್ತದೆ? ಎರಡನ್ನೂ ಗುಣಿಸಿ. ದಿನಕ್ಕೆ 8 ಬಂದು 25 ದಿನ ಉಳಿದರೆ 200 ಜಾಗ ಬೇಕು. ಅದೇ 8 ಬಂದು 15 ದಿನಕ್ಕೆ ಮನೆ ಸೇರಿದರೆ 120 ಸಾಕು. ಬರುವ ಪ್ರಾಣಿಗಳ ಸಂಖ್ಯೆ ಒಂದಿಷ್ಟೂ ಬದಲಾಗಿಲ್ಲ. 80 ಗೂಡು ಉಳಿಯಿತು.

ಆ ಹತ್ತು ದಿನ ಎಲ್ಲಿ ಹೋಗುತ್ತಿತ್ತು ಅಂತ ಹುಡುಕಿದರೆ ಸಿಗುವುದೆಲ್ಲ ಸಣ್ಣ ಸಣ್ಣ ಕಾರಣಗಳೇ. ಸಂತಾನಹರಣ ಆಪರೇಷನ್ನಿಗೆ ವೈದ್ಯರು ವಾರಕ್ಕೆ ಒಂದೇ ದಿನ ಬರುತ್ತಾರೆ. ಫೋಟೋ ತೆಗೆದು ಹಾಕುವವರು ರಜೆಯಲ್ಲಿದ್ದಾರೆ. ದತ್ತು ಕೇಳಿಕೊಂಡು ಜನ ಬರುವ ಹೊತ್ತಿಗೆ, ಅಂದರೆ ಸಂಜೆ ಮತ್ತು ವಾರದ ಕೊನೆಗೆ, ಬಾಗಿಲು ಮುಚ್ಚಿರುತ್ತದೆ. ಅರ್ಜಿ ಮೇಜಿನ ಮೇಲೆ ನಾಲ್ಕು ದಿನ ಕೂತಿರುತ್ತದೆ. ವೈದ್ಯರನ್ನು ವಾರಕ್ಕೆ ಇನ್ನೊಂದು ದಿನ ಕರೆಸುವ ಖರ್ಚನ್ನು 80 ಗೂಡು ಕಟ್ಟಿ ಸಾಕುವ ಖರ್ಚಿನ ಪಕ್ಕ ಇಟ್ಟು ನೋಡಿ. ಹೋಲಿಕೆಯೇ ಇಲ್ಲ.

ಗೂಡಿನ ಖರ್ಚು ಕಟ್ಟಿದ ದಿನಕ್ಕೆ ಮುಗಿಯುವುದೂ ಇಲ್ಲ. ಅಮೆರಿಕದ ಶೆಲ್ಟರ್‌ಗಳು ಬಹಳ ಕಾಲದಿಂದ ಹಿಡಿಯುವ ಒಂದು ಲೆಕ್ಕವಿದೆ: ಒಂದು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ. ಅದರಲ್ಲಿ 9 ನಿಮಿಷ ಗೂಡು ತೊಳೆಯಲು, 6 ನಿಮಿಷ ಊಟ ಹಾಕಲು. ಮುದ್ದು, ವಾಕಿಂಗ್, ಔಷಧ ಯಾವುದೂ ಇದರಲ್ಲಿ ಸೇರಿಲ್ಲ. 200 ಪ್ರಾಣಿಗೆ ದಿನಕ್ಕೆ 50 ಗಂಟೆ ಕೆಲಸವಾಯಿತು, 120ಕ್ಕೆ 30 ಗಂಟೆ. ವಾರದ ಏಳೂ ದಿನ, ಹಬ್ಬ ಹರಿದಿನ ಅನ್ನದೆ. ಈ 20 ಗಂಟೆಗಳ ಸಂಬಳ ಕಟ್ಟಡ ಇರುವಷ್ಟು ವರ್ಷವೂ ಬರುತ್ತದೆ.

ಎರಡು ಎಚ್ಚರಿಕೆ. ಸರಾಸರಿಯನ್ನು ಪೂರ್ತಿ ನಂಬಬೇಡಿ. ಬೆಕ್ಕು ಮರಿ ಹಾಕುವ ಕಾಲಕ್ಕೆ ಒಳಗೆ ಬರುವ ಸಂಖ್ಯೆ ದಿಢೀರನೆ ಏರುತ್ತದೆ. ಹಾಗಾಗಿ ತಿಂಗಳು ತಿಂಗಳಿನ ಲೆಕ್ಕ ಬೇರೆ ಬೇರೆ ಬರೆದು ನೋಡಿ. ಇನ್ನೊಂದು, ಕೆಲವು ಪ್ರಾಣಿಗಳ ದಿನ ನಿಮ್ಮ ಕೈಯಲ್ಲಿಲ್ಲ. ಮನುಷ್ಯರನ್ನು ಕಚ್ಚಿದ ನಾಯಿಯನ್ನು ರೇಬೀಸ್ ಸಂಶಯಕ್ಕೆ 10 ದಿನ ಕಣ್ಣಿಟ್ಟು ನೋಡಲೇಬೇಕು. ಹಿಂಸೆಯ ಕೇಸಿನಲ್ಲಿ ವಶಪಡಿಸಿಕೊಂಡ ಪ್ರಾಣಿಗಳು ನ್ಯಾಯಾಲಯ ಹೇಳುವವರೆಗೆ ಅಲ್ಲೇ ಇರುತ್ತವೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಇವಕ್ಕೆ ಬೇರೆ ಸಾಲು, ಬೇರೆ ಎಣಿಕೆ.

ಇದ್ದಲ್ಲೇ ರಿಪೇರಿ

ಎಲ್ಲರೂ ಮೊದಲು ಕೈಬಿಡುವ ದಾರಿ ಇದು. ಯಾಕೆಂದರೆ ಇದರಲ್ಲಿ ಶಂಕುಸ್ಥಾಪನೆ ಇಲ್ಲ, ರಿಬ್ಬನ್ ಕತ್ತರಿಸುವುದೂ ಇಲ್ಲ. ಆದರೆ ಕೆಲವು ಬದಲಾವಣೆಗಳು ಎಷ್ಟು ಅಗ್ಗ ಅಂದರೆ ನಂಬಿಕೆ ಬರುವುದಿಲ್ಲ. ಉದಾಹರಣೆಗೆ, ಪಕ್ಕಪಕ್ಕದ ಎರಡು ಬೆಕ್ಕಿನ ಬೋನುಗಳ ನಡುವಿನ ಗೋಡೆಗೆ ದುಂಡನೆಯ ತೂತು ಕೊರೆದು ಒಂದು ಬಳೆ ಕೂರಿಸುವುದು. ಒಂದು ಬೋನಿನಲ್ಲಿ ಮಲಮೂತ್ರಕ್ಕೆ ಮರಳಿನ ತಟ್ಟೆ, ಇನ್ನೊಂದರಲ್ಲಿ ಊಟ ಮತ್ತು ಹಾಸಿಗೆ. ಒಂದನ್ನು ತೊಳೆಯುವಾಗ ಬೆಕ್ಕು ಇನ್ನೊಂದರಲ್ಲಿ ಕೂರುತ್ತದೆ, ಎತ್ತಿ ಆಚೆ ಹಾಕುವ ಗೋಳಿಲ್ಲ. ಬೆಕ್ಕುಗಳ ನೆಗಡಿ ಹೆಚ್ಚಾಗುವುದು ಇಕ್ಕಟ್ಟಿನಿಂದ, ಪದೇ ಪದೇ ಜಾಗ ಬದಲಾಯಿಸಿ ಗಾಬರಿಪಡಿಸುವುದರಿಂದ. ಒತ್ತಡ ಬಿದ್ದರೆ ಮೈಯೊಳಗೆ ಅಡಗಿ ಕೂತ, ಈ ನೆಗಡಿ ತರುವ ಹರ್ಪಿಸ್ ವೈರಸ್ ಮತ್ತೆ ಎದ್ದು ಬರುತ್ತದೆ. ನೆಗಡಿಯಾದ ಬೆಕ್ಕು ದತ್ತು ಹೋಗುವುದು ಎರಡು ವಾರ ತಡ. ನೋಡಿ, ಮತ್ತೆ ದಿನದ ಲೆಕ್ಕಕ್ಕೇ ಬಂದೆವು.

ಬೋನುಗಳ ಸಂಖ್ಯೆ ಅರ್ಧಕ್ಕೆ ಇಳಿಯಿತಲ್ಲ ಅಂತ ಆಕ್ಷೇಪ ಬರುತ್ತದೆ. ಬರಲಿ. ಕಾಯಿಲೆ ಕಡಿಮೆಯಾದರೆ ಬೇಗ ಖಾಲಿಯಾಗುತ್ತವೆ.

ರಿಪೇರಿ ಯಾವಾಗ ಬೇಡ? ನೆಲದಡಿಯ ಚರಂಡಿ ಕೆಟ್ಟಿದ್ದರೆ, ಸೂರು ಅಥವಾ ಅಡಿಪಾಯ ಅಪಾಯದಲ್ಲಿದ್ದರೆ, ಮಳೆಗೆ ನೀರು ನುಗ್ಗುವ ತಗ್ಗಿನಲ್ಲಿದ್ದರೆ. ಇನ್ನೊಂದು ಕಷ್ಟವೂ ಇದೆ. ರಿಪೇರಿ ನಡೆಯುವಾಗ ಪ್ರಾಣಿಗಳನ್ನು ಎಲ್ಲಿಡುವುದು? ಡ್ರಿಲ್ಲಿಂಗ್ ಶಬ್ದದ ಪಕ್ಕದಲ್ಲಿ ಹೆದರಿದ ನಾಯಿಗಳನ್ನು ಇಡಲಾಗದು. ತಾತ್ಕಾಲಿಕ ಜಾಗದ ಬಾಡಿಗೆಯನ್ನು ರಿಪೇರಿ ಅಂದಾಜಿಗೆ ಸೇರಿಸದೆ "ಇದೇ ಅಗ್ಗ" ಅನ್ನುವುದು ಮೋಸ.

ಹಳೇ ಕಟ್ಟಡಕ್ಕೆ ಹೊಸ ಕೆಲಸ

ಸ್ಯಾನ್ ಫ್ರಾನ್ಸಿಸ್ಕೋ ನಗರ 2021ರಲ್ಲಿ ತನ್ನ ಶೆಲ್ಟರನ್ನು ಹೊಸ ಜಾಗಕ್ಕೆ ಸಾಗಿಸಿತು. ಹೊಸದು ಅಂದರೆ ನಿಜಕ್ಕೂ ಹಳೆಯದು. 19ನೇ ಶತಮಾನದ ಕೊನೆಯಲ್ಲಿ ಟ್ರಾಮ್ ಗಾಡಿಗಳಿಗೆ ಕರೆಂಟು ಕೊಡಲು ಕಟ್ಟಿದ ಇಟ್ಟಿಗೆಯ ಪವರ್‌ಹೌಸ್. ಹಿಂದಿನ ಕಟ್ಟಡ ಭೂಕಂಪ ತಡೆಯುವಷ್ಟು ಗಟ್ಟಿ ಇರಲಿಲ್ಲ. ಊರೊಳಗೆ ಖಾಲಿ ಜಾಗವೇ ಸಿಗದ ನಗರದಲ್ಲಿ ಇದು ಒಳ್ಳೆಯ ಆಯ್ಕೆ. ಹಳೆಯ ಶೆಲ್ಟರಿಗೆ ಹತ್ತಿರದಲ್ಲೇ ಇರುವುದರಿಂದ ಜನರ ಅಭ್ಯಾಸವೂ ತಪ್ಪಲಿಲ್ಲ.

ಈ ದಾರಿಯ ದೊಡ್ಡ ಲಾಭ ಜಾಗವೇ. ಬಸ್ ಇಳಿದು ನಡೆದು ಬರಬಹುದಾದ ಶೆಲ್ಟರಿಗೆ ಕಳೆದುಹೋದ ನಾಯಿಯನ್ನು ಹುಡುಕಿಕೊಂಡು ಮಾಲೀಕರು ಬರುತ್ತಾರೆ. ಸುಮ್ನೆ ನೋಡಿ ಹೋಗೋಣ ಅಂತ ಬಂದವರು ಬೆಕ್ಕು ಎತ್ತಿಕೊಂಡು ಹೋಗುತ್ತಾರೆ. ಕೆಲಸ ಮುಗಿಸಿ ಬರುವ ಸ್ವಯಂಸೇವಕರೂ ಸಿಗುತ್ತಾರೆ.

ಆದರೆ ಗೋದಾಮು ಸಿಕ್ಕಿತು ಅಂತ ಹಿಗ್ಗುವ ಮೊದಲು ನೆಲ ನೋಡಿ. ಶೆಲ್ಟರ್ ಅಂದರೆ ಅರ್ಧ ಆಸ್ಪತ್ರೆ, ಅರ್ಧ ಬಚ್ಚಲುಮನೆ. ದಿನಕ್ಕೆ ಎರಡು ಸಲ ನೀರು ಹರಿಯಬೇಕು, ನಿಲ್ಲಬಾರದು. ಸಪಾಟಾಗಿರುವ ಕಾಂಕ್ರೀಟ್ ನೆಲವನ್ನು ಒಡೆದು, ಇಳಿಜಾರು ಕೊಟ್ಟು, ಪ್ರತಿ ಗೂಡಿಗೂ ಕೊಳವೆ ಎಳೆಯುವ ಖರ್ಚು "ಅಗ್ಗದ" ಕಟ್ಟಡದ ಉಳಿತಾಯವನ್ನೆಲ್ಲ ನುಂಗಬಹುದು. ಗೋಡೆಯಲ್ಲಿ ಆಸ್ಬೆಸ್ಟಾಸ್, ಬಣ್ಣದಲ್ಲಿ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸದೆ ಒಪ್ಪಂದಕ್ಕೆ ಸಹಿ ಹಾಕಬೇಡಿ. ಹೊಸ ಕಟ್ಟಡಕ್ಕೆ ಅಂದಾಜಿನ ಮೇಲೆ 10 ಶೇಕಡಾದಷ್ಟು ಹಣವನ್ನು ಅನಿರೀಕ್ಷಿತ ಖರ್ಚಿಗೆ ಅಂತ ಎತ್ತಿಡುತ್ತಾರೆ. ಹಳೇ ಕಟ್ಟಡಕ್ಕೆ ನಾನಾದರೆ 20 ಶೇಕಡಾ ಇಡುತ್ತೇನೆ. ಗೋಡೆ ಒಡೆದಾಗ ಒಳಗೆ ಏನಿದೆ ಅಂತ ಯಾವ ಎಂಜಿನಿಯರೂ ಹೊರಗಿನಿಂದ ಹೇಳಲಾರರು.

ಊರಾಚೆ ಹೊಸದು

ಇಲ್ಲಿ ಜಾಗ ಅಗ್ಗ, ನಕ್ಷೆ ನಮ್ಮಿಷ್ಟ, ಅಕ್ಕಪಕ್ಕದವರ ತಕರಾರು ಕಡಿಮೆ. ಈ ಮೂರನೆಯದು ಸಣ್ಣ ಮಾತಲ್ಲ. ಲಂಡನ್ನಿನ ಪ್ರಸಿದ್ಧ ನಾಯಿ ಆಶ್ರಯ 1860ರಲ್ಲಿ ಶುರುವಾಗಿದ್ದು ಹಾಲೊವೇ ಬಡಾವಣೆಯಲ್ಲಿ. ಬೊಗಳುವ ಸದ್ದಿಗೆ ನೆರೆಯವರು ದೂರಿದರು. 1871ರಲ್ಲಿ ಅದು ಬ್ಯಾಟರ್‌ಸೀಗೆ ಹೋಯಿತು. ಇವತ್ತಿಗೂ ಆ ಹೆಸರಿನಿಂದಲೇ ಜನ ಅದನ್ನು ಕರೆಯುವುದು. ಬರ್ಲಿನ್ನಿನ ಶೆಲ್ಟರ್ ಕೂಡ 2001ರಲ್ಲಿ ನಗರದ ಈಶಾನ್ಯ ಅಂಚಿನ ಫಾಲ್ಕೆನ್‌ಬರ್ಗ್‌ಗೆ ಹೋಯಿತು. ಸುಮಾರು 16 ಹೆಕ್ಟೇರ್ ಜಾಗ. ಯುರೋಪಿನ ಅತಿ ದೊಡ್ಡ ಶೆಲ್ಟರ್‌ಗಳಲ್ಲಿ ಅದೂ ಒಂದು.

ಸದ್ದನ್ನು ನಕ್ಷೆಯಿಂದಲೂ ಹಿಡಿಯಬಹುದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2007ರಲ್ಲಿ ಆದ ಶೆಲ್ಟರ್ ಉದ್ದನೆಯ ಪಟ್ಟಿಯಂತೆ ಅಂಗಳವನ್ನು ಸುತ್ತಿಕೊಂಡು ನಿಂತಿದೆ. ನಾಯಿಗಳ ಗೂಡುಗಳೆಲ್ಲ ಒಳ ಅಂಗಳದ ಕಡೆ ಮುಖ ಮಾಡಿವೆ. ಬೊಗಳಿದ್ದು ಅಂಗಳದೊಳಗೇ ಉಳಿಯುತ್ತದೆ. ಇಂಥ ಜಾಣತನ ಹಳೇ ಗೋದಾಮಿನಲ್ಲಿ ಕಷ್ಟ.

ದೂರದ ಬೆಲೆ ನಿಧಾನಕ್ಕೆ ಗೊತ್ತಾಗುತ್ತದೆ. ಬರುವ ಜನ ಕಡಿಮೆಯಾದರೆ ಪ್ರಾಣಿಗಳು ಉಳಿಯುವ ದಿನ ಹೆಚ್ಚುತ್ತದೆ, ದಿನ ಹೆಚ್ಚಿದರೆ ಗೂಡು ಸಾಲದು. ಉಚಿತ ಜಮೀನು ಕೊಡುತ್ತೇವೆ ಅಂತ ಯಾರಾದರೂ ಬಂದರೆ ಇನ್ನೂ ಜಾಸ್ತಿ ಹುಷಾರಾಗಿರಬೇಕು. ರಸ್ತೆ ಇದೆಯಾ, ನೀರು ಮತ್ತು ಒಳಚರಂಡಿ ಎಷ್ಟು ದೂರದಲ್ಲಿದೆ, ಪ್ರಾಣಿ ಇಡಲು ಆ ವಲಯದಲ್ಲಿ ಅನುಮತಿ ಇದೆಯಾ, ಪತ್ರದಲ್ಲಿ ಏನಾದರೂ ಷರತ್ತು ಅಡಗಿದೆಯಾ? ಕೊಳವೆ ಎಳೆಯುವ ಖರ್ಚೇ ಊರೊಳಗಿನ ಜಾಗದ ಬೆಲೆಯನ್ನು ಮೀರಿದರೆ ಆ ದಾನಕ್ಕೆ ನಮಸ್ಕಾರ ಹೇಳಿ ಬಂದುಬಿಡಿ.

ಚಿಕ್ಕ ಕೇಂದ್ರ, ಹತ್ತಾರು ಮನೆ

ಮರಿಗಳು, ಬಾಣಂತಿ ಬೆಕ್ಕುಗಳು, ವಯಸ್ಸಾದ ನಾಯಿಗಳು, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವು: ಇವು ಶೆಲ್ಟರಿಗಿಂತ ಮನೆಯಲ್ಲೇ ಚೆನ್ನಾಗಿರುತ್ತವೆ. ಲಸಿಕೆ ಪೂರ್ತಿಯಾಗದ ಮರಿಗೆ ಶೆಲ್ಟರಿನಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಹಾಗಾಗಿ ವರ್ಷದಲ್ಲಿ ಕೆಲವೇ ತಿಂಗಳು ಬರುವ ಮರಿಗಳ ಹೊಳೆಗೆ ವರ್ಷವಿಡೀ ನಿಲ್ಲುವ ಗೋಡೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಇದು ಪುಕ್ಕಟೆಯಲ್ಲ. ಮನೆಗಳನ್ನು ಹುಡುಕಿ, ಒಪ್ಪಿಸಿ, ಔಷಧ ಮತ್ತು ಊಟ ತಲುಪಿಸಿ, ರಾತ್ರಿ ಹನ್ನೊಂದಕ್ಕೆ "ಮರಿ ವಾಂತಿ ಮಾಡ್ತಿದೆ" ಅಂತ ಬರುವ ಫೋನ್ ಎತ್ತಲು ಸಂಬಳದ ಜನ ಬೇಕು. ಸ್ವಯಂಸೇವಕರ ಮೇಲೇ ಬಿಟ್ಟರೆ ಆರು ತಿಂಗಳಲ್ಲಿ ಸುಸ್ತಾಗುತ್ತಾರೆ. ದೊಡ್ಡ, ಕಚ್ಚುವ, ಕೇಸಿನಲ್ಲಿರುವ ನಾಯಿಗಳಿಗೆ ಗೂಡು ಹೇಗೂ ಬೇಕೇ ಬೇಕು. ಆದ್ದರಿಂದ ಇದನ್ನು ಒಂಟಿ ದಾರಿ ಅನ್ನುವುದಕ್ಕಿಂತ ಉಳಿದ ಮೂರರಲ್ಲಿ ಯಾವುದನ್ನೇ ಆರಿಸಿದರೂ ಅದರ ಅಳತೆ ತಗ್ಗಿಸುವ ಉಪಾಯ ಅನ್ನಬಹುದು. ನನ್ನನ್ನು ಕೇಳಿದರೆ ಊರೊಳಗಿನ ಚಿಕ್ಕ ಕಟ್ಟಡ ಮತ್ತು ಈ ಮನೆಗಳ ಜಾಲ ಹೆಚ್ಚಿನ ನಗರಗಳಿಗೆ ಸಾಕು. ಬೀದಿನಾಯಿಗಳ ಸಂಖ್ಯೆ ಬಹಳ ಇರುವ, ಹೊರಗೆ ಬಿಡಲಾಗದ ಪ್ರಾಣಿಗಳೇ ಹೆಚ್ಚಿರುವ ಕಡೆ ಮಾತ್ರ ಊರಾಚೆಯ ದೊಡ್ಡ ಜಾಗಕ್ಕೆ ಅರ್ಥವಿದೆ.

ಎಲ್ಲಿ ಉಳಿಸಬಹುದು, ಎಲ್ಲಿ ಕೂಡದು

ಯಾವ ದಾರಿ ಹಿಡಿದರೂ ಚರಂಡಿಯಲ್ಲಿ ಜುಗ್ಗತನ ಬೇಡ. ಗೂಡುಸಾಲಿನ ಉದ್ದಕ್ಕೂ ಒಂದೇ ತೆರೆದ ಕಾಲುವೆ ಹಾಕಿದರೆ ಒಂದು ನಾಯಿಯ ಗಲೀಜು ಹತ್ತು ನಾಯಿಗಳ ಮುಂದೆ ಹರಿಯುತ್ತದೆ. ನಾಯಿಮರಿಗಳ ಜೀವ ತೆಗೆಯುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಎಲ್ಲ ಫಿನಾಯಿಲ್‌ಗೂ ಬಗ್ಗುವುದಿಲ್ಲ. ಗೂಡಿಗೊಂದು ಬಾಯಿ ಇರುವ ಚರಂಡಿ ದುಬಾರಿಯೇ, ಆದರೂ ಬೇಕು. ನೆಲ ಸಂದಿಲ್ಲದ ಲೇಪನದ್ದಾಗಿರಲಿ. ಟೈಲ್ಸ್ ನೋಡಲು ಚಂದ, ಸಂದಿಯ ಸಿಮೆಂಟು ಮೂತ್ರ ಹೀರುತ್ತದೆ.

ನಾಯಿಗೂ ಬೆಕ್ಕಿನ ಹಾಗೆಯೇ ಎರಡು ಭಾಗದ ಗೂಡು, ನಡುವೆ ಎಳೆಯುವ ಬಾಗಿಲು. ಶುಚಿ ಮಾಡುವವರು ನಾಯಿಯನ್ನು ಮುಟ್ಟದೆಯೇ ಕೆಲಸ ಮುಗಿಸಬಹುದು.

ಸದ್ದಿನ ಬಗ್ಗೆ ಇನ್ನೊಂದು ಮಾತು. ನಾಯಿಗಳ ಸಾಲಿನಲ್ಲಿ 100 ಡೆಸಿಬಲ್ ದಾಟುವುದು ಅಪರೂಪವಲ್ಲ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಕೇಳಿದರೇ ಮನುಷ್ಯರ ಕಿವಿಗೆ ಹಾನಿ. ಸೂರಿಗೆ ಸದ್ದು ಹೀರುವ ಹಲಗೆ, ಎದುರುಬದುರು ನಾಯಿಗಳು ಮುಖ ನೋಡದಂತೆ ಗೂಡುಗಳ ಜೋಡಣೆ, ಬೆಕ್ಕಿನ ಕೋಣೆ ಇನ್ನೊಂದು ತುದಿಗೆ. ಪ್ರಾಣಿ ಬಿಡಲು ಬರುವವರಿಗೂ ದತ್ತು ಪಡೆಯಲು ಬರುವವರಿಗೂ ಬೇರೆ ಬೇರೆ ಬಾಗಿಲು. ಅಳುತ್ತಾ ಬಂದವರು, ನಗುತ್ತಾ ಹೊರಟವರು ಒಂದೇ ಬೆಂಚಿನಲ್ಲಿ ಕೂರುವುದು ಇಬ್ಬರಿಗೂ ಹಿಂಸೆ.

ಗಾಳಿಯ ವಿಷಯದಲ್ಲಿ ಗಂಟೆಗೆ 10ರಿಂದ 20 ಸಲ ಕೋಣೆಯ ಗಾಳಿ ಬದಲಾಗಬೇಕು ಅನ್ನುವುದು ರೂಢಿಯ ಅಳತೆ. ಅಷ್ಟು ಗಾಳಿಯನ್ನು ಬಿಸಿ ಮಾಡುವ ಅಥವಾ ತಣ್ಣಗಾಗಿಸುವ ಕರೆಂಟ್ ಬಿಲ್ಲನ್ನು ನಕ್ಷೆ ಹಾಕುವಾಗಲೇ ಕೇಳಿ. ಹವೆ ಹಿತವಾಗಿರುವ ಕಡೆ ಹೊರಗೆ ತೆರೆಯುವ ಗೂಡುಗಳೇ ಮೇಲು. ಉಳಿಸಬೇಕು ಅಂದರೆ ಸ್ವಾಗತ ಕೋಣೆಯಲ್ಲಿ, ಗಾಜಿನ ಮುಂಭಾಗದಲ್ಲಿ, ಆಫೀಸಿನ ಅಳತೆಯಲ್ಲಿ ಉಳಿಸಿ.

ಈಗ ದುಡ್ಡು

ಮೊದಲು ಅಂದಾಜು ಸರಿ ಮಾಡಿಕೊಳ್ಳಿ. ಕಾಂಟ್ರಾಕ್ಟರ್ ಹೇಳುವ ಮೊತ್ತ ಇಟ್ಟಿಗೆ, ಕಬ್ಬಿಣ, ಕೂಲಿಯದ್ದು. ನಕ್ಷೆ, ಮಣ್ಣಿನ ಪರೀಕ್ಷೆ, ಅನುಮತಿ, ವಿಮೆ, ಬೋನು ಮತ್ತು ಆಪರೇಷನ್ ಮೇಜುಗಳು ಅದರ ಮೇಲೆ ಇನ್ನೊಂದು 20ರಿಂದ 30 ಶೇಕಡಾ ಎಳೆಯುತ್ತವೆ. ದುಡ್ಡು ಕೂಡಿಸಲು ಮೂರು ವರ್ಷ ಹಿಡಿದರೆ ಅಷ್ಟರಲ್ಲಿ ಸಿಮೆಂಟಿನ ಬೆಲೆಯೂ ಮೂರು ವರ್ಷ ಏರಿರುತ್ತದೆ.

ನಗರದ ಬೊಕ್ಕಸ ಅಥವಾ ಬಾಂಡ್, ಅಂದರೆ ನಗರ ಹೂಡಿಕೆದಾರರಿಂದ ಎತ್ತುವ ಸಾಲ, ಅತಿ ದೊಡ್ಡ ಮೊತ್ತ ಕೊಡುವ ದಾರಿ. 2000ದಲ್ಲಿ ಲಾಸ್ ಏಂಜಲೀಸ್ ಮತದಾರರು ಅಗ್ನಿಶಾಮಕ ಠಾಣೆಗಳ ಜೊತೆಗೇ ಪ್ರಾಣಿ ಶೆಲ್ಟರ್‌ಗಳಿಗೂ ಬಾಂಡ್ ಒಪ್ಪಿದರು. ಜನಕ್ಕೆ ಇಷ್ಟವಾದ ಇನ್ನೊಂದು ಕೆಲಸದ ಜೊತೆ ಕಟ್ಟಿಕೊಂಡು ಹೋಗುವುದು ಒಳ್ಳೆಯ ಉಪಾಯವೇ. ಆದರೆ ಮುಂದಿನ ಕತೆಯೂ ಕೇಳಬೇಕು. ಆ ಹಣದಲ್ಲಿ ಎದ್ದ ಕಟ್ಟಡಗಳಲ್ಲಿ ಒಂದನ್ನು, ಮಿಷನ್ ಹಿಲ್ಸ್‌ನಲ್ಲಿದ್ದದ್ದನ್ನು, ನಡೆಸಲು ನಗರಕ್ಕೆ ದುಡ್ಡೇ ಇರಲಿಲ್ಲ. ಕೊನೆಗೆ 2012ರಲ್ಲಿ ಬೆಸ್ಟ್ ಫ್ರೆಂಡ್ಸ್ ಅನಿಮಲ್ ಸೊಸೈಟಿ ಅನ್ನುವ ಸಂಸ್ಥೆ ಅಲ್ಲಿ ದತ್ತು ಮತ್ತು ಸಂತಾನಹರಣ ಕೇಂದ್ರ ಶುರು ಮಾಡಿತು. ಬಾಂಡಿನ ಹಣ ಗೋಡೆಗೆ. ಸಂಬಳಕ್ಕೆ, ಊಟಕ್ಕೆ, ಲಸಿಕೆಗೆ ಅದು ಒದಗುವುದಿಲ್ಲ. ಹಾಗಾಗಿ ನಗರದ ಜೊತೆ ಮಾತಾಡುವಾಗ ಕಟ್ಟಡದ ಮೊತ್ತ ಮತ್ತು ವರ್ಷದ ಖರ್ಚು, ಎರಡಕ್ಕೂ ಒಂದೇ ದಿನ ಒಪ್ಪಿಗೆ ಕೇಳಿ. ಮೊದಲನೆಯದು ಸಿಕ್ಕಿ ಎರಡನೆಯದು "ಆಮೇಲೆ ನೋಡೋಣ" ಆದರೆ ನಾನಂತೂ ಅಡಿಪಾಯ ತೋಡಲು ಬಿಡುವುದಿಲ್ಲ.

ದೇಣಿಗೆ ಸಂಗ್ರಹಕ್ಕೆ ಬೇರೆ ಗುಣ. ಅನುಭವ ಇರುವವರು ಮೊದಲು ಸದ್ದಿಲ್ಲದೆ ಕೆಲವೇ ದೊಡ್ಡ ದಾನಿಗಳ ಮನೆಗೆ ಹೋಗುತ್ತಾರೆ. ಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿಯಾದ ಮೇಲೆಯೇ ಊರಿಗೆಲ್ಲ ಪ್ರಚಾರ. ಉಲ್ಟಾ ಮಾಡಿದರೆ, ಖಾಲಿ ಡಬ್ಬಿ ಹಿಡಿದು ಪೋಸ್ಟರ್ ಅಂಟಿಸಿದರೆ, ಜನ ಇವರ ಕೈಲಿ ಆಗುವುದಿಲ್ಲ ಅಂದುಕೊಳ್ಳುತ್ತಾರೆ. ದೇಣಿಗೆಯ ತೊಂದರೆ ಅಂದರೆ ದಾನಿಗೆ ಕಾಣುವ ಜಾಗ ಬೇಕು. ಮರಿಗಳ ಕೋಣೆಗೆ ಹೆಸರು ಹಾಕಿಸಲು ನಾಲ್ಕು ಜನ ಸಾಲು ನಿಲ್ಲುತ್ತಾರೆ. ಚರಂಡಿಗೆ ಯಾರೂ ಇಲ್ಲ. ಅದಕ್ಕೇ ಕೋಣೆಯ "ಬೆಲೆ" ಹೇಳುವಾಗ ಅದರಡಿಯ ಕೊಳವೆ, ಮೇಲಿನ ಗಾಳಿಯಂತ್ರ ಮತ್ತು ಕೆಲವು ವರ್ಷಗಳ ಖರ್ಚನ್ನು ಸೇರಿಸಿಯೇ ಹೇಳಿ. ಅದರಲ್ಲಿ ಮೋಸ ಏನೂ ಇಲ್ಲ, ನಿಜವಾದ ಬೆಲೆ ಅದೇ. ಹೆಸರಿನ ಫಲಕಕ್ಕೂ ಇಂತಿಷ್ಟು ವರ್ಷ ಅಂತ ಅವಧಿ ಬರೆಸಿ.

ಸಾಲ? ಖಚಿತವಾಗಿ ಬರುವ ಹಣಕ್ಕೆ ಮುಂಚೆ ಕೆಲಸ ಶುರು ಮಾಡಲು ಮಾತ್ರ. ಬರೆದುಕೊಟ್ಟ ವಾಗ್ದಾನಗಳು ಮೂರು ವರ್ಷದಲ್ಲಿ ಕಂತುಗಳಾಗಿ ಬರುವುದಾದರೆ ನಡುವಿನ ಹೊಂದಿಕೆಗೆ ಸಾಲ ಸರಿ. ಬಡ್ಡಿ ಕಟ್ಟಲು ನಾಯಿಗಳ ಊಟದ ಬಾಬ್ತು ಮುಟ್ಟುವಂತಾದರೆ ಬೇಡ.

ಉಯಿಲಿನಲ್ಲಿ ಬರೆದಿಟ್ಟ ಆಸ್ತಿ ಬರುವುದು ಯಾವಾಗ ಅಂತ ಯಾರೂ ಹೇಳಲಾಗದು. ಅದನ್ನು ಕಟ್ಟಡದ ಲೆಕ್ಕಕ್ಕೆ ಹಿಡಿಯಬೇಡಿ, ಬಂದಾಗ ಇಡುಗಂಟಿಗೆ ಹಾಕಿ.

ನಗರ ಕಟ್ಟಿಸಿ ಸಂಸ್ಥೆ ನಡೆಸುವ ಜೋಡಿ ವ್ಯವಸ್ಥೆ ಅನೇಕ ಕಡೆ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಜಗಳ ಬರುವುದು ಎರಡೇ ಜಾಗದಲ್ಲಿ: ಸೂರು ಸೋರಿದರೆ ರಿಪೇರಿ ಯಾರದ್ದು, ನಗರದ ಗಾಡಿ ತಂದ ಪ್ರಾಣಿಗಳು ಒಪ್ಪಿಕೊಂಡ ಸಂಖ್ಯೆ ಮೀರಿದರೆ ಹೆಚ್ಚಿನ ಖರ್ಚು ಯಾರದ್ದು? ಈ ಎರಡು ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ ವಕೀಲರ ಬಳಿ ಇನ್ನೊಮ್ಮೆ ಹೋಗಿ.

ಒಂದೇ ಸಲವೋ, ಹಂತಹಂತವಾಗಿಯೋ

ದುಡ್ಡು ಪೂರ್ತಿ ಇಲ್ಲದಿದ್ದರೆ ಹಂತಹಂತವಾಗಿ ಕಟ್ಟಬಹುದು. ಆದರೆ ನೆಲದಡಿಯದ್ದೆಲ್ಲ, ಅಂದರೆ ಕೊಳವೆ, ಕೇಬಲ್, ಚರಂಡಿ, ಮೊದಲ ಹಂತದಲ್ಲೇ ಪೂರ್ತಿ ಆಗಬೇಕು. ಮೊದಲು ಆಪರೇಷನ್ ಕೋಣೆ ಮತ್ತು ರೋಗಿಗಳ ಪ್ರತ್ಯೇಕ ವಿಭಾಗ, ಆಮೇಲೆ ಗೂಡುಸಾಲು. ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ. ಆಪರೇಷನ್ ಕೋಣೆ ಮೊದಲು ನಡೆದರೆ ಉಳಿಯುವ ದಿನ ಇಳಿಯುತ್ತದೆ, ಎರಡನೆಯ ಹಂತ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಬಹುದು.

ಕೊನೆಯದಾಗಿ ಜಾಗ ಬದಲಾಯಿಸುವ ವಾರಕ್ಕೂ ಬಜೆಟ್ಟಿನಲ್ಲಿ ಒಂದು ಸಾಲು ಇಡಿ. ಒಂದೆರಡು ತಿಂಗಳು ಎರಡೂ ಕಟ್ಟಡಗಳ ಬಿಲ್ಲು ಕಟ್ಟಬೇಕಾಗುತ್ತದೆ. ಹೊಸ ಚರಂಡಿಯಲ್ಲಿ ನೀರು ಸರಿಯಾಗಿ ಹೋಗುತ್ತದಾ ಅಂತ ಪ್ರಾಣಿ ತರುವ ಮುಂಚೆ ಒಂದು ವಾರ ಖಾಲಿ ಗೂಡುಗಳನ್ನೇ ತೊಳೆದು ನೋಡಬೇಕು. ಸಾಗಿಸುವ ಹಿಂದಿನ ತಿಂಗಳು ದತ್ತು ಶುಲ್ಕ ಮನ್ನಾ ಮಾಡಿ, ಸ್ವಯಂಸೇವಕರ ಮನೆಗಳಿಗೆ ಆದಷ್ಟು ಪ್ರಾಣಿಗಳನ್ನು ಕಳಿಸಿ. ವ್ಯಾನು ಹತ್ತುವ ಪ್ರಾಣಿಗಳು ಆಗ ಬೆರಳೆಣಿಕೆಗೆ ಬರುತ್ತವೆ.